ಕ್ರಿಸ್ಮಸ್ ರಜೆಗೆ ಮನೆ ತುಂಬ ಮಕ್ಕಳು, ಹೊಲದ ತುಂಬ ಕೆಲಸ: ಎರಡನ್ನೂ ಹೊಂದಿಸ್ಕೊಳ್ಳೋದು ಹೆಂಗೆ

ನವೆಂಬರ್ ಮುಗೀತಾ ಬಂದಂಗೆ ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತೆ. "ಅಕ್ಕಾ, ನಮ್ದು ಕೂಡು ಕುಟುಂಬ, ಕ್ರಿಸ್ಮಸ್ ರಜೆಗೆ ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಮಕ್ಕಳೆಲ್ಲ ಊರಿಗೆ ಬರ್ತಾರೆ, ತೊಗರಿ ಕಟಾವು, ಮೆಕ್ಕೆಜೋಳ ಒಣಗಿಸೋದು, ಅಡಿಕೆ ಕೊನೇ ಕೊಯ್ಲು ಎಲ್ಲಾ ಅದೇ ವಾರ ತಲೆ ಮೇಲೆ ಇರುತ್ತೆ, ಏನ್ಮಾಡೋದು?" ಅಂತ. ಇನ್ನೊಂದಿಷ್ಟು ಜನ ಮಕ್ಕಳ ಕೈಲಿ ಹೊಲದ ಕೆಲಸ ಮಾಡಿಸ್ಬೋದಾ ಅಂತ ಅಳುಕಿಂದ ಕೇಳ್ತಾರೆ. ಒಬ್ಬೊಬ್ರಿಗೆ ಬೇರೆ ಬೇರೆ ಹೇಳೋ ಬದ್ಲು ಪೂರ್ತಿ ಇಲ್ಲೇ ಬರೀತಿದೀನಿ. ನಮ್ದು ದಾವಣಗೆರೆ ತಾಲೂಕು ಮಾಯಕೊಂಡ ಸೀಮೆ, ಸ್ವಲ್ಪ ತೋಟ, ಉಳಿದಿದ್ದು ಖುಷ್ಕಿ ಅಂದ್ರೆ ಮಳೆ ನಂಬಿದ ಹೊಲ. ಚಿತ್ರದುರ್ಗ, ಹೊಳಲ್ಕೆರೆ, ಜಗಳೂರು ಕಡೆಯವ್ರಿಗೂ ಹೆಚ್ಚೂಕಮ್ಮಿ ಇದೇ ಹೊಂದುತ್ತೆ.

ನನ್ನ ಲೆಕ್ಕ ಇಷ್ಟೇ: ಬಂದ ಮಕ್ಕಳನ್ನ ನೆಂಟರ ಥರ ಕೂರಿಸಿ ಉಪಚಾರ ಮಾಡಬ್ಯಾಡ್ರಿ, ಕೂಲಿ ಆಳಿನ ಥರ ದುಡಿಸಲೂ ಬ್ಯಾಡ್ರಿ. ಒಬ್ಬೊಬ್ರಿಗೆ ಒಂದೊಂದು ಕೆಲಸ ಪೂರ್ತಿ ಒಪ್ಪಿಸ್ರಿ, ಅದು ಅವರದೇ ಜವಾಬ್ದಾರಿ, ಬೆಳಿಗ್ಗೆ ಹತ್ತರೊಳಗೆ ಮುಗೀಬೇಕು, ಆಮೇಲೆ ದಿನ ಅವರದು (ಕರ ನೋಡ್ಕೊಳ್ಳೋರಿಗೆ, ಕಾಳು ಒಣಗಿಸೋರಿಗೆ ಮಾತ್ರ ಆಮೇಲೂ ಸ್ವಲ್ಪ ಕೆಲಸ ಇರುತ್ತೆ). ಕಾನೂನಿನ ಪ್ರಕಾರನೂ ರಜೆಯಲ್ಲಿ ಸ್ವಂತ ಮನೆ ಕೆಲಸಕ್ಕೆ ಮಕ್ಕಳು ಕೈ ಜೋಡಿಸೋದು ತಪ್ಪಲ್ಲ, ಅಪಾಯದ ಕೆಲಸ ಮಾತ್ರ ಮಾಡಿಸಂಗಿಲ್ಲ. ಆ ಅಪಾಯದ ಗೆರೆ ಎಲ್ಲಿ ಅಂತ ಕೆಳಗೆ ಬಿಡಿಸಿ ಬರ್ದೀನಿ.

ಮೊದ್ಲೇ ಹೊಂಚಿ ಇಟ್ಕೊಳ್ಳಬೇಕಾದ ಸಾಮಾನು: ಎರಡು ಮೂರು ದೊಡ್ಡ ತಾಡಪಾಲು, ಮಕ್ಕಳ ಅಳತೆಯ ಹಳೇ ಶೂ ಆದಷ್ಟು ಜೊತೆ, ಉದ್ದ ತೋಳಿನ ಹಳೇ ಅಂಗಿ, ಎರಡು ಒಳ್ಳೆ ಟಾರ್ಚು, ಗಟ್ಟಿ ಹಗ್ಗ, ಗಾಳಿ ತುಂಬಿದ ಹಳೇ ಟ್ಯೂಬು, ಡೆಟಾಲು ಬ್ಯಾಂಡೇಜು, ಗೋಡೆಗೆ ಅಂಟಿಸೋಕೆ ಒಂದು ದೊಡ್ಡ ಹಾಳೆ.

1. ಕ್ಯಾಲೆಂಡರ್ ಇಟ್ಕೊಂಡು ಕೂತ್ಕೊಳ್ರಿ

ಇದು ಡಿಸೆಂಬರ್ ಮೊದಲ ವಾರದ ಕೆಲಸ, ಹದಿನೈದಾದ ಮೇಲೆ ಕೂತ್ರೆ ಪ್ರಯೋಜನ ಇಲ್ಲ. ತುಂಬ ಜನ ಮರೆಯೋದು ಒಂದಿದೆ, ರಜೆ ಎಲ್ಲಾ ಮಕ್ಕಳಿಗೂ ಒಂದೇ ಥರ ಇರಲ್ಲ. ನಮ್ಮೂರ ಸರ್ಕಾರಿ ಸ್ಕೂಲಿಗೆ ದೊಡ್ಡ ರಜೆ ಸಿಗೋದು ದಸರಾಕ್ಕೆ, ಕ್ರಿಸ್ಮಸ್‌ಗೆ 25ನೇ ತಾರೀಖು ಒಂದಿನ ಅಷ್ಟೇ. ಕಾನ್ವೆಂಟು, ಸಿಬಿಎಸ್‌ಇ ಸ್ಕೂಲಿನ ಮಕ್ಕಳಿಗೆ ವಾರಗಟ್ಟಲೆ ಸಿಗುತ್ತೆ. ಅಂದ್ರೆ ಬೆಂಗಳೂರಿಂದ ಬಂದ ಮೊಮ್ಮಗ ಅಂಗಳದಲ್ಲಿ ಬುಗುರಿ ಆಡ್ತಿರ್ತಾನೆ, ಇಲ್ಲೇ ಇರೋ ಮೊಮ್ಮಗಳು ಯೂನಿಫಾರ್ಮ್ ಹಾಕ್ಕೊಂಡು ಬ್ಯಾಗು ಹೊತ್ಕೊಂಡು ಹೋಗಬೇಕು. ಆ ಮಗು ಮುಖ ನೋಡಿದ್ರೆ ಹೊಟ್ಟೆ ಚುರ್ ಅನ್ನುತ್ತೆ. ಹಂಗಾಗಿ ದೊಡ್ಡ ಕಾರ್ಯಕ್ರಮ ಏನಿದ್ರೂ 25ಕ್ಕೆ, ಭಾನುವಾರಕ್ಕೆ, ಇಲ್ಲಾ ಶನಿವಾರ ಬೆಳಗಿನ ಸ್ಕೂಲು ಬಿಟ್ಟ ಮೇಲೆ ಇಡ್ರಿ. ಊರ ಮಕ್ಕಳು ಸ್ಕೂಲಲ್ಲಿರೋ ಹೊತ್ತಲ್ಲಿ ಸಿಟಿ ಮಕ್ಕಳನ್ನ ಕರ್ಕೊಂಡು ಹೋಗಿ ಟ್ರಿಪ್ ಮುಗಿಸ್ಕೊಂಡು ಬರೋ ಕೆಲಸ ಮಾತ್ರ ಮಾಡಬ್ಯಾಡ್ರಿ, ಅಣ್ಣತಮ್ಮಂದಿರ ಮಕ್ಕಳ ಮಧ್ಯೆ ಭೇದ ಶುರುವಾಗೋದೇ ಇಂಥ ಕಡೆ.

ಎಸ್‌ಎಸ್‌ಎಲ್‌ಸಿ, ಪಿಯುಸಿ ಓದೋರಿದ್ರೆ ಅವರಿಗೆ ಹೊಲದ ಕೆಲಸ ಪೂರ್ತಿ ಮಾಫಿ ಮಾಡ್ರಿ, ಮುಂದೆನೇ ಪ್ರಿಪರೇಟರಿ ಪರೀಕ್ಷೆ ಇರುತ್ತೆ. ಬಾಗಿಲು ಹಾಕೋಕಾಗೋ ಒಂದು ರೂಮು ಅವರಿಗೇ ಅಂತ ಬಿಟ್ಟುಕೊಡ್ರಿ.

ಆಮೇಲೆ ಹಾಳೆ ಮೇಲೆ ಕೆಲಸನ ಮೂರು ಭಾಗ ಮಾಡ್ರಿ. ಮಕ್ಕಳು ಬರೋ ಮೊದ್ಲೇ ಮುಗೀಬೇಕಾದ್ದು, ಮಕ್ಕಳ ಜೊತೆ ಮಾಡೋವಂಥದ್ದು, ಜನವರಿಗೆ ಬಿಟ್ರೂ ನಡೆಯೋದು. ಕೊಟ್ಟಿಗೆ ಗೋಡೆಗೆ ಸುಣ್ಣ, ತೋಟದ ಬದು ರಿಪೇರಿ ಇವೆಲ್ಲ ಮೂರನೇದಕ್ಕೆ ತಳ್ಳಿ ಬಿಡ್ರಿ.

2. ಮಕ್ಕಳು ಬರೋ ಮುಂಚೆ ಮೆಷಿನ್ ಕೆಲಸ ಮುಗಿಸ್ರಿ

ಮೆಕ್ಕೆಜೋಳದ ತೆನೆ ರಾಶಿ ಕಣದಲ್ಲಿ ಬಿದ್ದಿದ್ರೆ 20ನೇ ತಾರೀಖಿನೊಳಗೆ ಮೆಷಿನ್ ಕರೆಸಿ ಕಾಳು ಮಾಡಿಸ್ರಿ. ಕಾರಣ ಎರಡು. ಒಂದು, ರಾಶಿ ಕೂತಷ್ಟು ದಿನ ಇಲಿ ಸೇರ್ತಾವೆ, ಇಲಿ ಹಿಂದೆ ಹಾವು ಬರುತ್ತೆ, ಮಕ್ಕಳಿಗೆ ಆ ರಾಶಿ ಹತ್ತಿ ಜಾರೋದಂದ್ರೆ ಪ್ರಾಣ. ಎರಡು, ಒಕ್ಕಣೆ ಮೆಷಿನ್ ನಡೀತಿರೋವಾಗ ಹತ್ತಿರ ಬರಬ್ಯಾಡ ಅಂತ ಎಷ್ಟು ಕೂಗಿದ್ರೂ ಆ ಸದ್ದಿನಲ್ಲಿ ಯಾರಿಗೂ ಕೇಳ್ಸಲ್ಲ. ದೊಡ್ಡೋರೂ ಅಷ್ಟೆ, ವೇಲು, ಸೆರಗು, ಬಿಟ್ಟ ಕೂದ್ಲು, ಸಡಿಲ ಟವೆಲ್ಲು ಇಟ್ಕೊಂಡು ಮೆಷಿನ್ ಬೆಲ್ಟಿನ ಹತ್ತಿರ ಹೋಗಬಾರದು.

ಅಡಿಕೆ ಕೇಣಿಗೆ ಕೊಟ್ಟೋರಿಗೆ ಈ ತಲೆನೋವಿಲ್ಲ. (ಕೇಣಿ ಅಂದ್ರೆ ಮರದ ಮೇಲಿನ ಫಸಲನ್ನೇ ಮಾತಾಡಿ ಬೇರೆಯವ್ರಿಗೆ ಕೊಟ್ಬಿಡೋದು, ಕೊಯ್ಲು ಸುಲಿತ ಎಲ್ಲಾ ಅವರದೇ.) ಮನೇಲೇ ಮಾಡೋರು ಬೇಯಿಸೋ ಕೆಲಸನ ಆದಷ್ಟೂ ಮೊದ್ಲೇ ಮುಗಿಸ್ಕೊಳ್ರಿ. ಕುದಿಯೋ ಚೊಗರಿನ ಹಂಡೆ ಹತ್ತಿರ ಸಣ್ಣ ಮಕ್ಕಳು ಸುಳೀಬಾರದು. ಚೊಗರು ಅಂದ್ರೆ ಅಡಿಕೆ ಬೇಯಿಸಿದ ಕೆಂಪು ರಸ, ಬಟ್ಟೆಗೆ ಬಿದ್ರೆ ಏನು ಮಾಡಿದ್ರೂ ಹೋಗಲ್ಲ. ಸಿಟಿ ಮಕ್ಕಳ ಹೊಸಾ ಬಟ್ಟೆ ಹಾಳಾಗಿ ಅವರಮ್ಮಂದಿರ ಮುಖ ಸಣ್ಣದಾಗೋದು ಯಾಕೆ, ಬಂದ ದಿನನೇ ಹೊಸ ಬಟ್ಟೆ ತೆಗೆಸಿ ಹಳೇದು ಹಾಕ್ಸಿ ಬಿಡ್ರಿ. ಬೇಯಿಸಿದ ಅಡಿಕೆ ಒಣಗೋಕೆ ಹಾಕೋದು, ಕೈಯಾಡಿಸೋದು ಇವೆಲ್ಲ ಮಕ್ಕಳು ಖುಷಿಯಾಗಿ ಮಾಡ್ತಾರೆ, ಅದು ಆಮೇಲೆ ಹೇಳ್ತೀನಿ.

3. ಅಪಾಯದ ಜಾಗ ಸುತ್ತಿ ನೋಡ್ರಿ

ಇದೊಂದನ್ನ ಯಾರೂ ಹಗುರ ಮಾಡಬ್ಯಾಡ್ರಿ. ಮನೆ ಯಜಮಾನ್ರು ಒಬ್ರು, ಹೆಣ್ಮಕ್ಕಳಲ್ಲಿ ಒಬ್ರು ಸೇರ್ಕೊಂಡು ಒಂದು ಸಂಜೆ ಮನೆ, ಕೊಟ್ಟಿಗೆ, ಕಣ, ತೋಟ ಪೂರ್ತಿ ಸುತ್ತಬೇಕು.

ಎಲ್ಲಕ್ಕಿಂತ ಮೊದಲು ಕೃಷಿ ಹೊಂಡ, ಅಂದ್ರೆ ಹೊಲದಲ್ಲಿ ಮಳೆನೀರು ಹಿಡಿಯೋಕೆ ತೋಡಿದ ಹೊಂಡ. ಈಗ ನಮ್ಮ ಕಡೆ ಊರೂರಿಗೂ ಹೊಂಡ ಆಗಿದಾವೆ, ಒಳಗೆಲ್ಲ ಪ್ಲಾಸ್ಟಿಕ್ ಹಾಳೆ ಹೊದಿಸಿರ್ತಾರೆ. ಆ ಹಾಳೆ ಮೇಲೆ ಪಾಚಿ ಕಟ್ಟಿ ಎಷ್ಟು ನುಣುಪು ಅಂದ್ರೆ, ಈಜು ಬರೋ ದೊಡ್ಡ ಆಳೇ ಬಿದ್ರೂ ಕಾಲೂರಿ ಮೇಲೆ ಹತ್ತೋಕಾಗಲ್ಲ, ಹಿಡ್ಕೊಳ್ಳೋಕೆ ಏನೂ ಸಿಗಲ್ಲ. ಬಾವಿಗೆ ಮೆಟ್ಟಿಲಾದ್ರೂ ಇರುತ್ತೆ, ಇದಕ್ಕೆ ಅದೂ ಇಲ್ಲ. ಸುತ್ತ ತಂತಿ ಬೇಲಿ ಇಲ್ಲಾಂದ್ರೆ ಮಕ್ಕಳು ಬರೋ ಮೊದ್ಲು ಹಾಕಿಸ್ರಿ, ಬೇಲಿ ಇದ್ರೂ ನಾಕು ಮೂಲೆಯಲ್ಲೂ ಗೂಟಕ್ಕೆ ಹಗ್ಗ ಕಟ್ಟಿ ನೀರಿನ ತನಕ ಇಳಿಬಿಡ್ರಿ, ಗಾಳಿ ತುಂಬಿದ ಟ್ಯೂಬ್ ಒಂದನ್ನ ದಡದಲ್ಲೇ ಕಟ್ಟಿ ಇಡ್ರಿ. ದೊಡ್ಡೋರಿಲ್ದೆ ಆ ಕಡೆ ಯಾರೂ ಹೋಗಂಗಿಲ್ಲ, ಇದಕ್ಕೆ ರಿಯಾಯ್ತಿ ಇಲ್ಲ.

ಆಮೇಲೆ ಕಳೆನಾಶಕ, ಕ್ರಿಮಿನಾಶಕದ ಬಾಟ್ಲಿಗಳು. ಎಷ್ಟೋ ಮನೇಲಿ ಅರ್ಧ ಉಳಿದಿದ್ದನ್ನ ಜ್ಯೂಸ್ ಬಾಟ್ಲಿಗೆ ಸುರಿದು ಜಗಲಿ ಮೇಲೆ ಇಟ್ಟಿರ್ತಾರೆ, ದಯವಿಟ್ಟು ಹಂಗೆ ಇಡಬ್ಯಾಡ್ರಿ, ಬೀಗ ಹಾಕೋ ಕಡೆ ಇಡ್ರಿ. ಪಂಪ್‌ಸೆಟ್ ಸ್ಟಾರ್ಟರ್ ಡಬ್ಬಿಗೂ ಬೀಗ ಇರ್ಲಿ. ಟ್ರ್ಯಾಕ್ಟರ್ ಕೀ ಗಾಡೀಲಿ ಬಿಡಬ್ಯಾಡ್ರಿ, ಮಡ್‌ಗಾರ್ಡ್ ಮೇಲೆ ಮಕ್ಕಳನ್ನ ಕೂರಿಸ್ಕೊಂಡು ಹೋಗೋ ಅಭ್ಯಾಸ ನಮ್ಮಲ್ಲಿ ಬಾಳ ಐತೆ, ಒಂದು ಗುಂಡಿ ಸಾಕು, ಮಗು ಗಾಲಿ ಕೆಳಗೆ. ಟ್ರೇಲರ್‌ಗೂ ಹತ್ತಿಸಬ್ಯಾಡ್ರಿ, ನಡ್ಕೊಂಡು ಹೋಗ್ಲಿ.

ಹಾವು ಕಚ್ಚಿದ್ರೆ ಬಿಗಿಯಾಗಿ ಕಟ್ಟೋದು, ಕೊಯ್ಯೋದು, ಬಾಯಿ ಹಾಕಿ ಹೀರೋದು, ನಾಟಿ ಔಷಧಿ ಹುಡುಕ್ಕೊಂಡು ಹೋಗೋದು ಯಾವುದೂ ಬ್ಯಾಡ. ಕಚ್ಚಿದ ಕೈ ಕಾಲು ಅಲುಗಾಡದಂಗೆ ಇಟ್ಕೊಂಡು, ನಡೆಸದೇ, 108ಕ್ಕೆ ಫೋನ್ ಮಾಡಿ ಇಲ್ಲಾ ಸಿಕ್ಕ ಗಾಡೀಲಿ ವಿಷಕ್ಕೆ ಇಂಜೆಕ್ಷನ್ ಇರೋ ಆಸ್ಪತ್ರೆಗೆ ನೇರ ಹೋಗ್ರಿ. ತಾಲೂಕು ಆಸ್ಪತ್ರೆ ಇಲ್ಲಾ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಯಾವುದು ಹತ್ತಿರ ಅಂತ ಮೊದ್ಲೇ ನೋಡ್ಕೊಂಡಿರ್ರಿ. ದನಕ್ಕೆ ಏನಾದ್ರೂ ಆದ್ರೆ 1962ಕ್ಕೆ ಫೋನ್ ಮಾಡ್ರಿ. ಎರಡು ನಂಬರೂ ಗೋಡೆ ಹಾಳೆ ಮೇಲೆ ದಪ್ಪಕ್ಕೆ ಬರೀರಿ.

4. ಹಾಸಿಗೆ, ಬಿಸಿನೀರು, ಅಡಿಗೆ ಪಾಳಿ

ಕೌದಿ, ಕಂಬಳಿ ಎಲ್ಲಾ ಅಟ್ಟದಿಂದ ಇಳಿಸಿ ಎರಡು ಬಿಸ್ಲು ಕಾಣಿಸ್ರಿ. ಮಕ್ಕಳೆಲ್ಲ ನಡುಮನೇಲಿ ಸಾಲಾಗಿ ಮಲಗ್ಲಿ, ಬೇರೆ ಬೇರೆ ರೂಮು ಕೊಡಬ್ಯಾಡ್ರಿ, ಅವರ ರಜೆಯ ಅರ್ಧ ಮಜಾ ರಾತ್ರಿ ಆ ಗುಸುಗುಸು ಮಾತಲ್ಲೇ ಇರೋದು. ಚಳಿ ಅಂತ ಕೆಂಡದ ಬಾಣಲಿ ಒಳಗಿಟ್ಕೊಂಡು ಕಿಟಕಿ ಬಾಗಿಲು ಮುಚ್ಚಿ ಮಲಗೋದು ಮಾತ್ರ ಜೀವಕ್ಕೇ ಅಪಾಯ, ಆ ಹೊಗೆಗಾಳಿಗೆ ವಾಸನೆನೂ ಇರಲ್ಲ, ಗೊತ್ತೂ ಆಗಲ್ಲ.

ಸ್ನಾನದ ನೀರಿಗೆ ಹಿತ್ಲಲ್ಲಿ ಹಂಡೆ ಒಲೆ ಹೂಡಿ, ಕಾಳು ಬಿಡಿಸಿ ಉಳಿದ ಮೆಕ್ಕೆಜೋಳದ ಬೆಂಡು ಉರಿಸ್ರಿ. ಚೆನ್ನಾಗಿ ಉರೀತಾವೆ, ಸೌದೆ ಉಳಿಯುತ್ತೆ.

ಈಗ ಅಡಿಗೆ ವಿಷಯ. ಇದನ್ನ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ಇಷ್ಟು ಜನ ಸೇರಿದ ಮನೇಲಿ ಮಕ್ಕಳಿಗೆ ರಜೆ, ಗಂಡಸ್ರಿಗೆ ಹರಟೆ, ಸೊಸೆಯಂದ್ರಿಗೆ ಮಾತ್ರ ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರ ತನಕ ಒಲೆ ಮುಂದೆ ನಿಲ್ಲೋದು ಅಂದ್ರೆ ಅದು ಯಾವ ನ್ಯಾಯ? ಅವರಿಗೂ ಅವು ವರ್ಷಕ್ಕೊಂದ್ಸಲ ವಾರಗಿತ್ತಿ, ನಾದಿನಿ ಜೊತೆ ಕೂತು ಮಾತಾಡೋ ದಿನಗಳು. ಪಾಳಿ ಹಾಕ್ರಿ. ಬೆಳಿಗ್ಗೆ ಇಬ್ಬರು, ರಾತ್ರಿ ಬೇರೆ ಇಬ್ಬರು. ತಟ್ಟೆ ಲೋಟ ತೊಳೆಯೋದು ಹತ್ತು ವರ್ಷ ದಾಟಿದ ಮಕ್ಕಳೆಲ್ಲರ ಕೆಲಸ, ಗಂಡು ಹುಡುಗ್ರೂ ಸೇರಿ. ತರಕಾರಿ ಹೆಚ್ಚೋದು, ಕಾಯಿ ತುರಿಯೋದು, ಅವರೆಕಾಯಿ ಬಿಡಿಸೋದು ಗಂಡಸ್ರು ಜಗಲಿ ಮೇಲೆ ಕೂತು ಮಾತಾಡ್ತಾನೇ ಮಾಡಬಹುದು. ನಮ್ಮ ಮಾವನವ್ರು ಈಗ್ಲೂ ಸಂಜೆ ಅವರೆಕಾಯಿ ಮೊರ ಮುಂದೆ ಎಳ್ಕೊಂಡು ಕೂತ್ಕೊಳ್ತಾರೆ, ಅವರನ್ನ ನೋಡಿ ಉಳಿದೋರು ತಾವಾಗೇ ಬಂದು ಕೂರ್ತಾರೆ.

ಊಟಕ್ಕೆ ದಿನಾ ಹೊಸಾ ಹೊಸಾದು ಮಾಡೋಕೆ ಹೋಗಬ್ಯಾಡ್ರಿ. ಸಜ್ಜೆ ರೊಟ್ಟಿ, ಜೋಳದ ರೊಟ್ಟಿ ಕಟಕ್ ಆಗಿ ಬೇಯಿಸಿ ಬುಟ್ಟಿ ತುಂಬ ಮೊದ್ಲೇ ಮಾಡಿಟ್ರೆ ವಾರ ನಡೆಯುತ್ತೆ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಮೊಸರು, ಬಿಸಿ ಅನ್ನ ಸಾರು. ಸಂಜೆಗೆ ಮಂಡಕ್ಕಿ ಮೆಣಸಿನಕಾಯಿ. ಹಿದುಕಿದ ಬೇಳೆ ಸಾರು ಮಾತ್ರ ಒಂದಿನ ಮಾಡಲೇಬೇಕು, ಅದನ್ನ ಪೂರ್ತಿ ಮಕ್ಕಳಿಗೆ ಬಿಡ್ರಿ: ಬಿಡಿಸಿದ ಅವರೆಕಾಳನ್ನ ರಾತ್ರಿ ನೀರಲ್ಲಿ ನೆನೆ ಹಾಕಿ, ಬೆಳಿಗ್ಗೆ ಒಂದೊಂದೇ ಕಾಳನ್ನ ಹೆಬ್ಬೆಟ್ಟು ತೋರುಬೆರಳ ಮಧ್ಯೆ ಹಿಡಿದು ಒತ್ತಿದ್ರೆ ಸಿಪ್ಪೆ ಕೈಲಿ ಉಳಿದು ಬೇಳೆ ಪುಳಕ್ ಅಂತ ಹಾರಿ ಪಾತ್ರೆಗೆ ಬೀಳುತ್ತೆ, ಅರ್ಧ ಪಕ್ಕದೋರ ಮುಖಕ್ಕೆ ಹೊಡೆಯುತ್ತೆ, ನಗಾಡ್ತಾ ನಗಾಡ್ತಾ ಎರಡು ಸೇರು ಮುಗಿದಿದ್ದೇ ಗೊತ್ತಾಗಲ್ಲ. ಬೇಗ ಬೆಂದು ಹೋಗುತ್ತೆ, ಕುಕ್ಕರಿಗೆ ಹಾಕಬ್ಯಾಡ್ರಿ, ಮುದ್ದೆಯಾಗುತ್ತೆ.

5. ಕೊಟ್ಟಿಗೆ

ಬೆಳಿಗ್ಗೆ ಆರಕ್ಕೆ ಎಬ್ಬಿಸ್ರಿ. ಅದಕ್ಕಿಂತ ಮುಂಚೆ ಬ್ಯಾಡ, ಇಬ್ಬನಿ ಜೋರಿರುತ್ತೆ, ಉಬ್ಬಸ ಇರೋ ಮಕ್ಕಳಿಗೆ ತೊಂದ್ರೆ. ದನದ ಪರಿಚಯ ಇಲ್ಲದ ಮಕ್ಕಳಿಗೆ ಮೊದಲ ಎರಡು ದಿನ ಬರೀ ಮುಂದಿನಿಂದ ಹುಲ್ಲು ಹಾಕೋ ಕೆಲಸ. ಹಿಂದಿನಿಂದ ಸದ್ದಿಲ್ದೆ ಹೋಗಬಾರದು, ಕರ ಹಾಕಿದ ಎಮ್ಮೆ ಹತ್ತಿರ ಹೋಗಲೇಬಾರದು ಅಂತ ಹೇಳಿಕೊಡ್ರಿ.

ಕೆಲಸ ಹಂಚೋವಾಗ ಎಲ್ಲರೂ ಎಲ್ಲಾ ಮಾಡ್ರಿ ಅಂದ್ರೆ ಯಾರೂ ಏನೂ ಮಾಡಲ್ಲ. ಒಬ್ಬನಿಗೆ ಒಂದು ಕರ ಒಪ್ಪಿಸ್ರಿ, ಅದಕ್ಕೆ ನೀರು, ಒಣ ಹುಲ್ಲಿನ ಹಾಸು, ರಾತ್ರಿ ಮೈಮೇಲೆ ಗೋಣಿಚೀಲ ಅವನೇ ನೋಡ್ಕೋಬೇಕು. ಚಳೀಲಿ ಕರಕ್ಕೆ ತೊಂದ್ರೆ ಆಗೋದು ಚಳಿಗಿಂತ ಒದ್ದೆ ನೆಲದಿಂದ, ಹಾಸು ಒಣಗಿದ್ರೆ ಅರ್ಧ ರೋಗ ದೂರ. ಈ ವಾರದಲ್ಲೇ ಆಕಳು ಕರ ಹಾಕಿದ್ರಂತೂ ಮಕ್ಕಳ ಪುಣ್ಯ, ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣದ ಹಾಲು ಕರಕ್ಕೆ ಹೊಟ್ಟೆ ತುಂಬ ಕುಡಿಸ್ರಿ, ಮನೆಯವ್ರಿಗೆ ಗಿಣ್ಣ ಆಮೇಲೆ.

ಲೆಕ್ಕದಲ್ಲಿ ಚುರುಕಿರೋ ಮಗೂನ ಡೈರಿಗೆ ಹಾಲು ಹಾಕೋಕೆ ಕಳಿಸ್ರಿ. ಅಲ್ಲಿ ಚೀಟೀಲಿ ಫ್ಯಾಟು, ಎಸ್‌ಎನ್‌ಎಫ್ ಅಂತ ಬರುತ್ತೆ. ಫ್ಯಾಟ್ ಅಂದ್ರೆ ಬೆಣ್ಣೆ ಅಂಶ, ಎಸ್‌ಎನ್‌ಎಫ್ ಅಂದ್ರೆ ಬೆಣ್ಣೆ, ನೀರು ಎರಡೂ ಬಿಟ್ಟು ಹಾಲಲ್ಲಿ ಉಳಿಯೋ ಗಟ್ಟಿ ಪದಾರ್ಥ, ಇವೆರಡರ ಮೇಲೆ ರೇಟು. ದಿನಾ ಆ ಚೀಟಿ ಬರ್ಕೊಂಡು, ಹಿಂಡಿ ಹೆಚ್ಚು ಹಾಕಿದ ದಿನ ಏನಾಯ್ತು, ಬರೀ ಒಣ ಸಪ್ಪೆ (ಒಣಗಿದ ದಂಟಿನ ಮೇವು) ಹಾಕಿದಾಗ ಏನಾಯ್ತು ಅಂತ ಅವರೇ ನೋಡ್ಲಿ.

6. ಹೊಲ, ಕಣ: ಯಾರಿಗೆ ಯಾವ ಕೆಲಸ

ಆರೇಳು ವರ್ಷದ ಒಳಗಿನವ್ರು ಅಜ್ಜಿ ಜೊತೆ ಅಂಗಳದಲ್ಲೇ ಇರ್ಲಿ, ಕೋಳಿಗೆ ಕಾಳು ಹಾಕೋದು, ಹೂ ಬಿಡಿಸೋದು ಸಾಕು. ಏಳರಿಂದ ಹನ್ನೆರಡರವ್ರಿಗೆ ಒಣಗಿಸೋ ಕೆಲಸ. ಹದಿಮೂರು ದಾಟಿದವ್ರಿಗೆ ದೊಡ್ಡೋರ ಜೊತೆ ತೊಗರಿ ಹೊಲ.

ಒಣಗಿಸೋದು ಅಂದ್ರೆ ಮೆಕ್ಕೆಜೋಳ, ಅಡಿಕೆ ಎರಡೂ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ತಾಡಪಾಲು ತೆಗೆದು ಹರಡೋದು, ಮಧ್ಯಾಹ್ನ ಕಾಲಲ್ಲಿ ಸಾಲು ಎಳೆದು ತಿರುವಿ ಹಾಕೋದು, ಐದು ಗಂಟೆಗೆ ಗುಡ್ಡೆ ಮಾಡಿ ಮುಚ್ಚೋದು. ಈ ಸಂಜೆ ಮುಚ್ಚೋದನ್ನ ಮರೆತ್ರೆ ಹಗಲೆಲ್ಲ ಒಣಗಿದ್ದು ರಾತ್ರಿ ಇಬ್ಬನಿಗೆ ಮತ್ತೆ ತಂಪು ಹಿಡಿಯುತ್ತೆ, ಬೂಷ್ಟು ಬರುತ್ತೆ. ರಸ್ತೆ ಮೇಲೆ ಒಣಗಿಸಬ್ಯಾಡ್ರಿ ಅಂತ ಕೈ ಮುಗಿದು ಕೇಳ್ಕೊಳ್ತೀನಿ. ನಮ್ಮ ಕಡೆ ರಸ್ತೆಯ ಅರ್ಧ ಭಾಗ ಮೆಕ್ಕೆಜೋಳ ಹರಡಿ ಸುತ್ತ ಕಲ್ಲು ಇಟ್ಟಿರ್ತಾರೆ, ಕತ್ಲಲ್ಲಿ ಬೈಕಿನವ್ರು ಬಿದ್ದು ಜೀವ ಹೋಗುತ್ತೆ, ಅಂಥ ಕಡೆ ಮಕ್ಕಳನ್ನ ಕಾಯೋಕೆ ಕೂರಿಸೋದಂತೂ ಬ್ಯಾಡವೇ ಬ್ಯಾಡ.

ಕಾಳು ಒಣಗೈತಾ ಇಲ್ವಾ ಅಂತ ನೋಡೋಕೆ ಉಪ್ಪಿನ ಪರೀಕ್ಷೆ ಮಕ್ಕಳ ಕೈಲೇ ಮಾಡಿಸ್ರಿ. ಪೂರ್ತಿ ಒಣಗಿದ ಗಾಜಿನ ಬಾಟ್ಲಿ ತಗೊಂಡು ಕಾಲು ಭಾಗ ಮೆಕ್ಕೆಜೋಳ ಹಾಕಿ, ಎರಡು ಮೂರು ಚಮಚ ಒಣ ಪುಡಿಯುಪ್ಪು ಹಾಕಿ, ಮುಚ್ಚಳ ಬಿಗಿ ಮಾಡಿ ಚೆನ್ನಾಗಿ ಕುಲುಕಿ ಹತ್ತು ಹದಿನೈದು ನಿಮಿಷ ಬಿಡ್ರಿ. ಉಪ್ಪು ಗಾಜಿಗೆ ಅಂಟಿದ್ರೆ ಕಾಳಲ್ಲಿ ತೇವ ಶೇಕಡ 15ಕ್ಕಿಂತ ಜಾಸ್ತಿ ಐತೆ ಅಂತ, ಇನ್ನೂ ಬಿಸ್ಲು ಬೇಕು. ಅಂಟದೇ ತಳಕ್ಕೆ ಉದುರಿದ್ರೆ ಹೆಚ್ಚೂಕಮ್ಮಿ ಸರಿಯಾಗೈತೆ. ಉಪ್ಪೇ ತೇವ ಆಗಿದ್ರೆ ಪರೀಕ್ಷೆ ಸುಳ್ಳಾಗುತ್ತೆ, ಬಾಣಲೀಲಿ ಉಪ್ಪನ್ನ ಬೆಚ್ಚಗೆ ಮಾಡಿ ಆರಿಸ್ಕೊಂಡು ಹಾಕ್ರಿ. ಮಾರ್ಕೆಟ್ಟಲ್ಲಿ ಶೇಕಡ 14ರ ಒಳಗೆ ಐತಾ ಅಂತ ಮೀಟರ್ ಇಟ್ಟು ನೋಡ್ತಾರೆ, ಮನೇಲೇ ಗೊತ್ತಾದ್ರೆ ಅಲ್ಲಿ ರೇಟು ಮುರಿಸ್ಕೊಳ್ಳೋದು ತಪ್ಪುತ್ತೆ.

ತೊಗರಿ ಕಾಯಿ ನೂರಕ್ಕೆ ಎಪ್ಪತ್ತೈದು ಎಂಬತ್ತು ಕಂದು ಬಣ್ಣಕ್ಕೆ ತಿರುಗಿದ್ರೆ ಕಟಾವಿಗೆ ಬಂತು ಅಂತ. ಬೆಳಿಗ್ಗೆ ಇಬ್ಬನಿ ಇರೋವಾಗ್ಲೇ ಕೊಯ್ರಿ, ಬಿಸ್ಲೇರಿದ ಮೇಲೆ ಮುಟ್ಟಿದ್ರೆ ಕಾಯಿ ಸಿಡಿದು ಕಾಳು ನೆಲಕ್ಕೆ ಬೀಳುತ್ತೆ. ಕುಡುಗೋಲು ದೊಡ್ಡೋರ ಕೈಲೇ ಇರ್ಲಿ, ಹುಡುಗ್ರು ಕೊಯ್ದಿದ್ದನ್ನ ಎತ್ತಿ ಕಣಕ್ಕೆ ಸಾಗಿಸಿ ನಿಲ್ಲಿಸ್ಲಿ. ಶೂ ಇಲ್ಲದೇ ತೊಗರಿ ಹೊಲಕ್ಕೆ ಒಬ್ಬರನ್ನೂ ಬಿಡಬ್ಯಾಡ್ರಿ. ಕೊಯ್ದ ಮೇಲೆ ಉಳಿಯೋ ಕೂಳೆ ಓರೆಯಾಗಿ ಚೂಪಾಗಿರುತ್ತೆ, ಹವಾಯಿ ಚಪ್ಪಲಿ ತೂರಿ ಅಂಗಾಲಿಗೇ ಹೋಗುತ್ತೆ. ಚುಚ್ಚಿದ್ರೆ ಅರಿಶಿನ ಮೆತ್ತಿ ಸುಮ್ನಾಗಬ್ಯಾಡ್ರಿ, ಟಿಟಿ (ಧನುರ್ವಾಯು ಇಂಜೆಕ್ಷನ್) ಹಾಕಿಸ್ಬೇಕಾ ಅಂತ ಡಾಕ್ಟ್ರನ್ನ ಕೇಳ್ರಿ.

ಕೂಲಿ ದುಡ್ಡು ಕೊಡಬೇಕಾ ಅಂತ ಕೇಳ್ತೀರಿ. ದಿನಗೂಲಿ ಲೆಕ್ಕ ನನಗೆ ಇಷ್ಟ ಇಲ್ಲ, ಅದರಿಂದ ಮನೆ ಕೆಲಸನೂ ವ್ಯಾಪಾರ ಆಗಿಬಿಡುತ್ತೆ. ಅದರ ಬದ್ಲು ಬದುವಿನ ಮೇಲಿನ ಅವರೆ ಸಾಲು ಮಕ್ಕಳದು ಅಂತ ಬಿಟ್ಟುಕೊಡ್ರಿ. ಅವರೇ ಕೀಳ್ಲಿ, ಅವರೇ ಸಂತೇಲಿ ಕೂತು ತೂಗಿ ಮಾರ್ಲಿ, ಬಂದಿದ್ದನ್ನ ಎಲ್ಲರೂ ಸಮ ಹಂಚ್ಕೊಳ್ಲಿ, ಸ್ಕೂಲಿಗೆ ಹೋಗಿ ಸಂಜೆ ಮಾತ್ರ ಕಿತ್ತೋರಿಗೂ ಅಷ್ಟೇ ಪಾಲು. ಹೈಸ್ಕೂಲ್ ಮಕ್ಕಳನ್ನ ಒಂದ್ಸಲ ದಾವಣಗೆರೆ ಎಪಿಎಂಸಿ (ಕೃಷಿ ಮಾರುಕಟ್ಟೆ)ಗೂ ಕರ್ಕೊಂಡು ಹೋಗ್ರಿ, ನಮ್ಮ ಚೀಲಗಳು ಲಾಟ್ ಆಗಿ ನಿಂತು ಟೆಂಡರ್‌ಗೆ ಹೋಗೋದು, ತೂಕ, ಹಮಾಲಿ ಎಲ್ಲಾ ಕಣ್ಣಲ್ಲಿ ನೋಡ್ಲಿ.

7. ಮಧ್ಯಾಹ್ನ ಆಟ, ರಾತ್ರಿ ಆಕಾಶ

ಮಧ್ಯಾಹ್ನಕ್ಕೆ ಏನೂ ಪ್ಲ್ಯಾನ್ ಮಾಡಬ್ಯಾಡ್ರಿ. ಲಗೋರಿ, ಚಿನ್ನಿದಾಂಡು, ಬುಗುರಿ, ಬಿಸ್ಲಾದ್ರೆ ಚೌಕಾಬಾರ, ಅಳಗುಳಿ ಮಣೆ. ಮೊಬೈಲ್ ಎಲ್ಲಾ ದೊಡ್ಡಪ್ಪನ ಬೀರುವಿಗೆ, ಸಂಜೆ ಒಂದು ಗಂಟೆ ವಾಪಸ್. ದೊಡ್ಡೋರೂ ಆ ಹೊತ್ತಲ್ಲಿ ಮೊಬೈಲ್ ಕೆಳಗಿಡಬೇಕು, ಇಲ್ಲಾಂದ್ರೆ ಮಕ್ಕಳು ಕೇಳಲ್ಲ.

ರಾತ್ರಿ ಊಟ ಆದ ಮೇಲೆ ಕಣದಲ್ಲಿ ಕಂಬಳಿ ಹಾಸಿ, ಲೈಟ್ ಎಲ್ಲಾ ಆರಿಸಿ ಆಕಾಶ ತೋರಿಸ್ರಿ. ಡಿಸೆಂಬರ್ ಕೊನೆಗೆ ಎಂಟರ ಹೊತ್ತಿಗೆ ಪೂರ್ವಕ್ಕೆ ಮುಖ ಮಾಡಿ ನಿಂತ್ರೆ, ಬಾಳ ಮೇಲೆ ಚಿಕ್ಕ ಗೊಂಚಲಿನಂಗೆ ಕಾಣೋದು ಕೃತ್ತಿಕೆ, ಅದರ ಕೆಳಗೆ ಕೆಂಪಗಿರೋ ಒಂಟಿ ಚುಕ್ಕಿ ರೋಹಿಣಿ, ಇನ್ನೂ ಕೆಳಗೆ ಮಸುಕಾದ ಮೂರು ಸಣ್ಣ ಚುಕ್ಕಿ ಮೃಗಶಿರ, ಅದರ ಹತ್ತಿರನೇ ಕೆಂಪಗೆ ದಪ್ಪಗೆ ಇರೋದು ಆರಿದ್ರೆ. ಬಿತ್ತನೆ ಕಾಲದಲ್ಲಿ ಅಜ್ಜ ಬೆರಳು ಮಡಚಿ ಎಣಿಸೋ ಮಳೆಗಳೇ ಇವು, ಅದೇ ಸಾಲಲ್ಲಿ ಮೇಲಿಂದ ಕೆಳಕ್ಕೆ ನಿಂತಿದಾವೆ. "ರೋಹಿಣಿ ಮಳೆ ಬಂದ್ರೆ ಓಣಿಯೆಲ್ಲ ಜೋಳ" ಅನ್ನೋ ಗಾದೆ ಮಕ್ಕಳು ಕೇಳಿರ್ತಾರೆ, ಆ ರೋಹಿಣಿನ ಕಣ್ಣಾರೆ ನೋಡಿರಲ್ಲ. ಮೇ ಜೂನಲ್ಲಿ ಸೂರ್ಯ ಈ ನಕ್ಷತ್ರಗಳ ದಿಕ್ಕಲ್ಲೇ ಇರ್ತಾನೆ, ಆ ಸೂರ್ಯ ಇರೋ ನಕ್ಷತ್ರದ ಹೆಸರೇ ಆಗಿನ ಮಳೆಗೆ, ಸೂರ್ಯನ ಜೊತೆಗೇ ಇರೋದ್ರಿಂದ ಆಗ ಇವು ರಾತ್ರಿ ಕಾಣಲ್ಲ, ಆರು ತಿಂಗಳಾದ ಮೇಲೆ ಸೂರ್ಯ ಎದುರು ದಿಕ್ಕಿಗೆ ಹೋದಾಗ ಇಡೀ ರಾತ್ರಿ ಕಾಣ್ತಾವೆ. ಇದನ್ನ ಅಜ್ಜನ ಕೈಲೇ ಹೇಳಿಸ್ರಿ. ಬೆಂಗಳೂರಿನ ಬೆಳಕಲ್ಲಿ ಇಷ್ಟು ಚುಕ್ಕಿ ಕಾಣಲ್ಲ.

ಬೆಂಕಿ ಕಾಯಿಸೋದಾದ್ರೆ ಬಣವೆಯಿಂದ ದೂರ, ಗಾಳಿ ಬೀಸೋ ದಿಕ್ಕು ನೋಡ್ಕೊಂಡು, ಪಕ್ಕದಲ್ಲಿ ಎರಡು ಕೊಡ ನೀರಿಟ್ಕೊಂಡು ಮಾಡ್ರಿ. ಒಂದು ಕಿಡಿಗೆ ವರ್ಷದ ಮೇವು ಬೂದಿಯಾಗುತ್ತೆ.

8. ಕ್ರಿಸ್ಮಸ್ ದಿನ

ನಮ್ಮನೆ ಹಬ್ಬ ಅಲ್ಲದಿದ್ರೂ ರಜೆ ಕೊಟ್ಟ ಹಬ್ಬ ಅದು, ಮಕ್ಕಳಿಗೆ ಅದರ ಪರಿಚಯ ಆಗ್ಲಿ. ಹಿಂದಿನ ದಿನ ಮೆಕ್ಕೆಜೋಳದ ಒಣ ದಂಟು ಸೀಳಿ ನಕ್ಷತ್ರದ ಗೂಡು ಕಟ್ಟಿ ಬಣ್ಣದ ಕಾಗದ ಅಂಟಿಸಬಹುದು, ಒಳಗೆ ದೀಪದ ಬದ್ಲು ಸಣ್ಣ ಎಲ್‌ಇಡಿ ಬಲ್ಬು ಹಾಕ್ರಿ. 25ಕ್ಕೆ ಹರಿಹರದ ಆರೋಗ್ಯ ಮಾತೆ ಚರ್ಚಿಗೆ ಹೋಗಿ ಗೋದಲಿ ನೋಡ್ಕೊಂಡು ಬರ್ರಿ. ಗೋದಲಿ ಅಂದ್ರೆ ಏಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಪ್ರದರ್ಶನ, ದನ ಕುರಿ ಎಲ್ಲಾ ಇಟ್ಟಿರ್ತಾರೆ. ಬೆಳಿಗ್ಗೆ ಪೂಜೆ ಹೊತ್ತಲ್ಲಿ ಸುಮ್ನೆ ನೋಡೋಕೆ ಅಂತ ನುಗ್ಗಬ್ಯಾಡ್ರಿ, ಅದು ಅವರ ಪ್ರಾರ್ಥನೆ ಸಮಯ, ಮಧ್ಯಾಹ್ನದ ಮೇಲೆ ಹೋಗ್ರಿ, ಒಳಗೆ ಫೋಟೋ ತೆಗೆಯೋ ಮುಂಚೆ ಕೇಳ್ರಿ. ಪರಿಚಯದ ಕ್ರೈಸ್ತರ ಮನೆ ಇದ್ರೆ ಒಂದು ಚೀಲ ಅವರೆಕಾಯಿನೋ ಗಿಣ್ಣನೋ ತಗೊಂಡು ಹೋಗಿ ಮಾತಾಡಿಸ್ಕೊಂಡು ಬರ್ರಿ. ಅಲ್ಲೇ ಇರೋ ಹರಿಹರೇಶ್ವರ ದೇವಸ್ಥಾನ, ತುಂಗಭದ್ರೆ ಹೊಳೆ ಎರಡೂ ಆಗುತ್ತೆ. ಹೊಳೇಲಿ ಮಕ್ಕಳನ್ನ ಇಳಿಸಬ್ಯಾಡ್ರಿ.

9. ಒಂದೇ ಒಂದು ದೊಡ್ಡ ಟ್ರಿಪ್

ಒಂದು ದಿನಕ್ಕೆ ಒಂದೇ ಜಾಗ. ಬೆಳಿಗ್ಗೆ ಸಂತೇಬೆನ್ನೂರು ಪುಷ್ಕರಣಿ, ಮಧ್ಯಾಹ್ನ ಸೂಳೆಕೆರೆ ಮಾಡಿದ್ರೆ ಪರವಾಗಿಲ್ಲ, ಎರಡೂ ಚನ್ನಗಿರಿ ತಾಲೂಕು. ಆದ್ರೆ ಚಿತ್ರದುರ್ಗದ ಕಡೆ ಕೋಟೆ, ಚಂದ್ರವಳ್ಳಿ, ಆಡುಮಲ್ಲೇಶ್ವರ, ವಾಣಿವಿಲಾಸ ಸಾಗರ ಎಲ್ಲಾ ಒಂದೇ ದಿನ ಅಂತ ಹೊರಟ್ರೆ ಮಕ್ಕಳು ನೋಡೋದು ಬರೀ 48ನೇ ಹೆದ್ದಾರಿನ.

ನನ್ನ ಕೇಳಿದ್ರೆ ಚಿತ್ರದುರ್ಗದ ಕೋಟೆ. ದಾವಣಗೆರೆಯಿಂದ ಅರವತ್ತು ಕಿಲೋಮೀಟರ್ ಆಸುಪಾಸು. ಬೆಳಿಗ್ಗೆ ಬೇಗ ಬಾಗಿಲಲ್ಲಿ ಇರ್ರಿ, ಬಂಡೆ ಕಾದ ಮೇಲೆ ಸಣ್ಣ ಮಕ್ಕಳು ಹತ್ತಲ್ಲ. ಪ್ಲಾಸ್ಟಿಕ್ ಕವರ್ ಕೈಲಿ ಹಿಡ್ಕೊಂಡು ಹೋಗಬ್ಯಾಡ್ರಿ, ಕೋತಿ ಕಿತ್ಕೊಳ್ತಾವೆ, ಬುತ್ತಿ ಬ್ಯಾಗೊಳಗಿರ್ಲಿ. ಒನಕೆ ಓಬವ್ವನ ಕಿಂಡಿ ಎಲ್ಲರೂ ನೋಡ್ತಾರೆ, ಹೈದರಾಲಿ ಮುತ್ತಿಗೆ, 1779ರಲ್ಲಿ ಕೋಟೆ ಬಿದ್ದಿದ್ದು, ಮದಕರಿ ನಾಯಕನ ಕಥೆ ಎಲ್ಲಾ ಹೇಳ್ತಾರೆ. ರೈತರ ಮನೆಯವ್ರು ನೀರಿನ ವ್ಯವಸ್ಥೆನೂ ನೋಡಬೇಕು. ಗೋಪಾಲಸ್ವಾಮಿ ಹೊಂಡ ತುಂಬಿ ಹರಿದಿದ್ದು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಕ್ಕೆ ಸಿಹಿನೀರು ಹೊಂಡ, ಸಂತೆ ಹೊಂಡದ ತನಕ ಬರೋ ಹಂಗೆ ಮಾಡಿದಾರೆ. ಇಷ್ಟು ಕಡಿಮೆ ಮಳೆ ಸೀಮೇಲಿ ಒಂದು ಹನಿನೂ ಬಿಡದಂಗೆ ಬಂಡೆ ಮೇಲೆ ನೀರು ಹಿಡಿದಿರೋದನ್ನ ನೋಡಿದ್ರೆ ನಮ್ಮ ಕೃಷಿ ಹೊಂಡಕ್ಕೆ ಬುದ್ಧಿ ಬರುತ್ತೆ. ದೊಡ್ಡ ಮಕ್ಕಳಿದ್ರೆ ಇನ್ನೊಂದು ವರ್ಷ ಹಿರಿಯೂರಿನ ವಾಣಿವಿಲಾಸ ಸಾಗರ ಅಣೆಕಟ್ಟು ಇಟ್ಕೊಳ್ರಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದಿದ್ದು 2022ರಲ್ಲಿ, ಆಮೇಲೆ 2025ರ ಜನವರೀಲಿ.

ಟ್ರಿಪ್ ದಿನ ಹಾಲು ಕರೆಯೋಕೆ, ತಾಡಪಾಲು ಮುಚ್ಚೋಕೆ ಇಬ್ಬರು ಮನೇಲಿ ಉಳೀಬೇಕು. ಪ್ರತಿ ವರ್ಷ ಒಬ್ರೇ ಉಳಿಯೋ ಹಂಗೆ ಆಗಬಾರದು, ಕಳೆದ ವರ್ಷ ಯಾರು ಉಳಿದಿದ್ರು ಅಂತ ಆ ಹಾಳೇಲೇ ಬರೆದಿಡ್ರಿ.

10. ಎಳ್ಳಮಾಸೆ ಬಂದ್ರೆ, ಮತ್ತೆ ಕಳಿಸಿ ಕೊಡೋದು

ಎಳ್ಳ ಅಮಾವಾಸ್ಯೆ ಕೆಲವು ವರ್ಷ ಈ ರಜೆಯೊಳಗೇ ಬೀಳುತ್ತೆ, 2024ರಲ್ಲಿ ಡಿಸೆಂಬರ್ 30ಕ್ಕೆ ಬಂದಿತ್ತು. ಹಂಗೆ ಬಂದ ವರ್ಷ ಟ್ರಿಪ್ ಬಿಟ್ರೂ ಚಿಂತೆ ಇಲ್ಲ, ಅವತ್ತು ಇಡೀ ಮನೆ ಹೊಲಕ್ಕೆ ಹೋಗಿ ಪೂಜೆ ಮಾಡಿ ಚರಗ ಚೆಲ್ಲಿ ಅಲ್ಲೇ ಊಟ. ಚರಗ ಅಂದ್ರೆ ಮಾಡಿದ ಅಡಿಗೆನ ಭೂಮಿತಾಯಿಗೆ ಅಂತ ಹೊಲದ ಸುತ್ತ ಎರಚೋದು. ಬುಟ್ಟಿ ಹೊರೋದು, ಚರಗ ಚೆಲ್ಲೋದು ಮಕ್ಕಳಿಗೆ ಬಿಡ್ರಿ. ಊಟ ಆದ ಮೇಲೆ ಪ್ಲಾಸ್ಟಿಕ್ ಲೋಟ ತಟ್ಟೆ ಹೊಲದಲ್ಲಿ ಬಿಟ್ಟು ಬರಬ್ಯಾಡ್ರಿ, ಮುತ್ತುಗದೆಲೆ ಇಲ್ಲಾ ಬಾಳೆಲೆ ತಗೊಂಡು ಹೋಗ್ರಿ.

ಜನವರಿ ಒಂದು ಎರಡಕ್ಕೆ ಬಸ್ಸು, ರೈಲು ಎರಡೂ ತುಂಬಿರ್ತಾವೆ, ಬರೋ ಟಿಕೆಟ್ ಜೊತೆಗೇ ಹೋಗೋ ಟಿಕೆಟ್ಟೂ ಮಾಡಿಸಿರ್ರಿ. ಕಳಿಸೋವಾಗ ಗಂಟು ಮೂಟೆ ಜಾಸ್ತಿ ಮಾಡಬ್ಯಾಡ್ರಿ, ಅವರವ್ರು ಕೆಲಸ ಮಾಡಿದ್ದರಲ್ಲಿ ಒಂದಿಷ್ಟು ಸಾಕು. ಹಸಿ ಅವರೆಕಾಯಿ ಪ್ಲಾಸ್ಟಿಕ್ ಕವರಿಗೆ ತುಂಬಿದ್ರೆ ರಾತ್ರಿ ಬಸ್ಸಲ್ಲೇ ಬೆವೆತು ಕಪ್ಪಾಗುತ್ತೆ, ಬಟ್ಟೆ ಚೀಲಕ್ಕೆ ಹಾಕ್ರಿ. ಹೊಸ ತೊಗರಿ ಕಾಳು ಕೊಡೋದಾದ್ರೆ ಚೆನ್ನಾಗಿ ಒಣಗಿಸಿ ಒಣ ಬೇವಿನ ಸೊಪ್ಪು ಹಾಕಿ ಕಟ್ರಿ, ಹುಳದ ಮೊಟ್ಟೆ ಹೊಲದಿಂದಲೇ ಕಾಳಿನ ಜೊತೆ ಬಂದಿರುತ್ತೆ, ಸಿಟಿ ಅಡಿಗೆಮನೇಲಿ ಎರಡು ತಿಂಗಳಲ್ಲಿ ತೂತು ಬೀಳ್ತಾವೆ. ಬೇಳೆ ಮಾಡಿಸಿ ಕೊಡೋದಾದ್ರೆ ಸಂಕ್ರಾಂತಿ ಕಳೀಲಿ, ಅಷ್ಟೊತ್ತಿಗೆ ತೊಗರಿ ಒಕ್ಕಣೆ ಮುಗಿದಿರುತ್ತೆ, ಪಾರ್ಸಲ್ ಮಾಡಿದ್ರಾಯ್ತು. ಕರ ಒಪ್ಪಿಸ್ಕೊಂಡಿದ್ದ ಹುಡುಗ ಫೋನ್ ಮಾಡಿ ಕೇಳೇ ಕೇಳ್ತಾನೆ, ಕೊಟ್ಟಿಗೆಗೆ ಹೋಗಿ ವಿಡಿಯೋ ಕಾಲಲ್ಲಿ ತೋರಿಸ್ರಿ.